ಲಕ್ಷ ಕಿಲೋಮೀಟರ್ ದಾಟಿದ ಆಕ್ಟೇವಿಯಾ ಆರ್‌ಎಸ್: ತಗೋಬಹುದಾ?

ನೇರವಾಗಿ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (ಆಕ್ಟೇವಿಯಾ ಸೆಡಾನಿನ ಸ್ಪೋರ್ಟ್ಸ್ ಮಾದರಿ) ನೋಡುತ್ತಿದ್ದೀರಾ, ಮೀಟರ್ ಒಂದು ಲಕ್ಷ ದಾಟಿದೆ, ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರೆ ಅಂದ್ರೆ, ಆ ಒಂದೇ ಕಾರಣಕ್ಕೆ ಕಾರನ್ನು ಬಿಡಬೇಡಿ. ಸರ್ವಿಸ್ ಬಿಲ್ಲುಗಳ ಫೈಲ್ ಇಲ್ಲ ಅಂದ್ರೆ ಬಿಡಿ. ಆಗ ಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದರೂ ಬಿಡಿ. ನಾನು ತಗೊಂಡಿದ್ದು 2017ರ ಕೊನೆಯಲ್ಲಿ ರಿಜಿಸ್ಟರ್ ಆದ ಆರ್‌ಎಸ್ 230. ಬೆಂಗಳೂರು ಗಾಡಿ, ಸಿಂಗಲ್ ಓನರ್, ತಗೊಳ್ಳುವಾಗ 1,08,000 ಚಿಲ್ಲರೆ ಓಡಿತ್ತು. ಈಗ 1,30,000 ಹತ್ತಿರ ಬಂದಿದೆ. ಕೈಯಿಂದ ಎಷ್ಟು ಹೋಯಿತು, ಏನು ಸಿಕ್ಕಿತು, ಎರಡನ್ನೂ ಬರೆಯುತ್ತೇನೆ.

ಎರಡು ಬಾಗಿಲು ಇದ್ದರೆ ಮಾತ್ರ ಸ್ಪೋರ್ಟ್ಸ್ ಕಾರು ಅನ್ನೋರಿಗೆ ಇದು ಬರೀ ಒಂದು ಸೆಡಾನ್ ಅನ್ನಿಸಬಹುದು. ಆದರೆ ಅಪ್ಪ ಅಮ್ಮ, ಮಗು, ಊರಿನಿಂದ ಬರುವ ಅಕ್ಕಿ ಚೀಲ, ತೆಂಗಿನಕಾಯಿ ಎಲ್ಲ ಹಾಕಿಕೊಂಡು ಆರಾಮಾಗಿ ಬರಬೇಕು, ಒಬ್ಬನೇ ಇದ್ದಾಗ ಮೈ ಜುಂ ಅನ್ನಬೇಕು, ಬೆಲೆ ಇಪ್ಪತ್ತು ಲಕ್ಷದ ಒಳಗಿರಬೇಕು ಅಂದ್ರೆ ನನಗೆ ಇದು ಬಿಟ್ಟು ಬೇರೆ ಕಾಣಲಿಲ್ಲ. 2 ಲೀಟರ್ ಟರ್ಬೋ ಪೆಟ್ರೋಲ್, 230 ಪಿಎಸ್ ಪವರ್, 350 ಎನ್ಎಂ ಟಾರ್ಕ್ (ಎಳೆಯುವ ಬಲ), 6 ಸ್ಪೀಡ್ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಸೊನ್ನೆಯಿಂದ ನೂರಕ್ಕೆ 6.8 ಸೆಕೆಂಡ್ ಅಂತ ಕಂಪನಿಯೇ ಹೇಳಿತ್ತು. ಡಿಕ್ಕಿ 590 ಲೀಟರ್. ಹಿಂದಿನ ಗಾಜಿನ ಸಮೇತ ಬಾಗಿಲು ಮೇಲಕ್ಕೆ ಎದ್ದುಬಿಡುವುದರಿಂದ ಫ್ರಿಜ್ ಬಾಕ್ಸ್ ಕೂಡ ಹಿಡಿಸುತ್ತದೆ.

2017ರ ಆಗಸ್ಟ್‌ನಲ್ಲಿ ಬಂದಾಗ ಎಕ್ಸ್ ಶೋರೂಂ ಬೆಲೆ 24.62 ಲಕ್ಷ ಇತ್ತು. 2020ರಲ್ಲಿ ಆರ್‌ಎಸ್ 245 ಬಂತು, ದೇಶಕ್ಕೆಲ್ಲ ಸೇರಿ 200 ಕಾರು, ಬೆಲೆ 35.99 ಲಕ್ಷ. 2025ರಲ್ಲಿ ಬಂದ ಹೊಸ ಆರ್‌ಎಸ್ ಬರೀ 100 ಕಾರು, 49.99 ಲಕ್ಷ. ಹೊಸದು ಹೀಗೆ ಕೈಗೆ ಸಿಗದಷ್ಟು ಮೇಲೆ ಹೋಗಿರುವುದರಿಂದ ಹಳೇ 230ರ ಬೆಲೆ ಬೀಳುತ್ತಲೇ ಇಲ್ಲ. ನಾನು ಹುಡುಕುವಾಗ ಬೆಂಗಳೂರಲ್ಲಿ ಹದಿನಾರರಿಂದ ಇಪ್ಪತ್ತೊಂದು ಲಕ್ಷದವರೆಗೆ ಕೇಳುತ್ತಿದ್ದರು. ಕಮ್ಮಿ ಓಡಿದ್ದಕ್ಕೆ ಇಪ್ಪತ್ತರ ಮೇಲೆ, ಲಕ್ಷ ದಾಟಿದ್ದಕ್ಕೆ ಹದಿನಾರು ಹದಿನೇಳು. ನಡುವೆ ಇರುವ ಈ ಮೂರು ನಾಲ್ಕು ಲಕ್ಷ ಕೊಡಬೇಕಾ ಅನ್ನೋದೇ ನಿಜವಾದ ಪ್ರಶ್ನೆ. ಕೊಡಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಲೆಕ್ಕ ಹಾಕಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹತ್ತು ಕಿಲೋಮೀಟರ್ ಹೋಗಲು ಹೆಚ್ಚುಕಮ್ಮಿ ಅರ್ಧ ಗಂಟೆ ಬೇಕು, ಅಂದ್ರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಸಿಟಿಯಲ್ಲೇ 45,000 ಓಡಿದ ಕಾರಿನ ಇಂಜಿನ್ ಎಷ್ಟು ಗಂಟೆ ತಿರುಗಿರುತ್ತದೆ? 2,250 ಗಂಟೆ. ಹೈವೇಯಲ್ಲಿ ಸರಾಸರಿ ಐವತ್ತರಲ್ಲಿ 1,10,000 ಓಡಿದ ಕಾರಿನದು? 2,200 ಗಂಟೆ. ಎರಡೂ ಒಂದೇ! ಆದರೆ ಸಿಟಿ ಕಾರಿನ ಗಂಟೆಗಳೆಲ್ಲ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ ಅಂತ ನಿಂತು ಚಲಿಸಿ ನಿಂತು ಚಲಿಸಿ ಕಳೆದವು. ಡಿಎಸ್‌ಜಿ ಕ್ಲಚ್ ಪ್ರತಿ ಸಲವೂ ಅರ್ಧ ಹಿಡಿದು ಅರ್ಧ ಬಿಟ್ಟು ಕಾದಿರುತ್ತದೆ, ಇಂಜಿನ್ ಬೇ ಬಿಸಿಯಲ್ಲಿ ಬೆಂದಿರುತ್ತದೆ, ಎರಡು ಕಿಲೋಮೀಟರ್ ದೂರದ ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಂದು ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗಿರುತ್ತದೆ. ಮೀಟರ್ ಇದ್ಯಾವುದನ್ನೂ ತೋರಿಸುವುದಿಲ್ಲ.

ಇನ್ನೊಂದು ವಿಷಯ. ಈ ಕಾರಿನ ತೊಂದರೆಗಳು ಯಾವುವು ಅನ್ನೋದು ಈಗ ಎಲ್ಲರಿಗೂ ಗೊತ್ತು, ಮತ್ತು ಅವು ಬರುವುದು ಅರವತ್ತು ಸಾವಿರದಿಂದ ಒಂದು ಲಕ್ಷದ ಒಳಗೆ. ಲಕ್ಷ ದಾಟಿ ಬಿಲ್ ಇರೋ ಕಾರಿನಲ್ಲಿ ಅವುಗಳಲ್ಲಿ ದೊಡ್ಡ ಕೆಲಸಗಳು ಮುಗಿದಿರುತ್ತವೆ. ನಲವತ್ತು ಸಾವಿರದ ಕಾರಿನಲ್ಲಿ ಅವೆಲ್ಲ ನಿಮಗೆ ಕಾಯುತ್ತಿರುತ್ತವೆ, ಅದಕ್ಕೆ ಮೂರು ಲಕ್ಷ ಜಾಸ್ತಿ ಬೇರೆ ಕೊಟ್ಟಿರುತ್ತೀರಿ.

ಮೊದಲನೆಯದು ವಾಟರ್ ಪಂಪ್. ಈ ಇಂಜಿನ್‌ನಲ್ಲಿ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿವೆ. ಬಿಸಿಯಾಗಿ ತಣ್ಣಗಾಗಿ ವರ್ಷಗಟ್ಟಲೆ ಆದ ಮೇಲೆ ಹೌಸಿಂಗ್ ಸೊಟ್ಟಗಾಗಿ ಕೂಲೆಂಟ್ ಸೋರಲು ಶುರುವಾಗುತ್ತದೆ. ಕೆಳಗೆ ಹನಿ ಬೀಳಲೇಬೇಕು ಅಂತೇನಿಲ್ಲ, ಬಿಸಿ ಇಂಜಿನ್ ಮೇಲೆ ಅಲ್ಲೇ ಒಣಗಿಹೋಗುತ್ತದೆ. ಹಾಗಾಗಿ ನೆಲ ನೋಡಿ ಪ್ರಯೋಜನವಿಲ್ಲ. ಬಾನೆಟ್ ಎತ್ತಿ, ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಗೇರ್‌ಬಾಕ್ಸ್ ಕಡೆಗೆ ಟಾರ್ಚ್ ಹಾಕಿ ನೋಡಿ. ತಿಳಿ ಗುಲಾಬಿ ಬಣ್ಣದ ಪುಡಿಯಂಥ ಕಲೆ ಕಂಡರೆ ಸೋರಿದೆ ಅಂತಲೇ ಅರ್ಥ. ಕೂಲೆಂಟ್ ಬಾಟಲಿಯಲ್ಲಿ ಮಟ್ಟ ಸರಿಯಾಗಿದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಮಾರುವವರು ಹಿಂದಿನ ದಿನ ತುಂಬಿಸಿರುತ್ತಾರೆ.

ಎರಡನೆಯದು ಡಿಎಸ್‌ಜಿ. ಈ ಹೆಸರು ಕೇಳಿದ ಕೂಡಲೇ ಜನ ಹೆದರುತ್ತಾರೆ. ಆ ಹೆದರಿಕೆ ಬಂದದ್ದು 7 ಸ್ಪೀಡ್ ಡ್ರೈ ಕ್ಲಚ್ ಗೇರ್‌ಬಾಕ್ಸ್‌ನಿಂದ. ಸಾಮಾನ್ಯ ಆಕ್ಟೇವಿಯಾ 1.8ರಲ್ಲಿ ಇರುವುದು ಅದು, ಅದರ ಮಿತಿ 250 ಎನ್ಎಂ. ಆರ್‌ಎಸ್ 230ರಲ್ಲಿರೋದು 6 ಸ್ಪೀಡ್ ವೆಟ್ ಕ್ಲಚ್. ಕ್ಲಚ್ಚುಗಳು ಆಯಿಲ್‌ನಲ್ಲಿ ಮುಳುಗಿರುತ್ತವೆ, ಬಿಸಿ ತಡೆಯುತ್ತವೆ, ಬಾಳಿಕೆ ಜಾಸ್ತಿ. ಒಂದೇ ಷರತ್ತು: ಪ್ರತಿ 60,000 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಲೇಬೇಕು. ಲಕ್ಷ ಓಡಿದ ಕಾರಿನ ಫೈಲಿನಲ್ಲಿ ಡಿಎಸ್‌ಜಿ ಆಯಿಲ್ ಬಿಲ್ ಒಂದೂ ಇಲ್ಲ ಅಂದ್ರೆ, ಮಾತು ಮುಂದುವರಿಸಬೇಡಿ. ಉಳಿದಂತೆ ಮುಂದಿನ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿಡುವ ತೋಳಿನ ರಬ್ಬರ್), ಶಾಕ್ ಅಬ್ಸಾರ್ಬರ್, ಇಂಜಿನ್ ಮೌಂಟಿಂಗ್, ಇಗ್ನಿಷನ್ ಕಾಯಿಲ್, ಇವೆಲ್ಲ ನಮ್ಮ ರಸ್ತೆಯಲ್ಲಿ ಹೋಗುವಂಥವೇ. ಟೈಮಿಂಗ್‌ಗೆ ಬೆಲ್ಟ್ ಇಲ್ಲ, ಚೈನ್ ಇದೆ, ಬೆಲ್ಟ್ ಬದಲಿಸುವ ದೊಡ್ಡ ಖರ್ಚಿಲ್ಲ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಚೈನ್ ಗಲಗಲ ಅನ್ನುತ್ತದಾ ಅಂತ ಮಾತ್ರ ಕೇಳಿಸಿಕೊಳ್ಳಿ.

ನನ್ನ ಕಾರಿನ ಹಳೇ ಓನರ್ ಜೆ.ಪಿ. ನಗರದವರು, ವಯಸ್ಸು ಅರವತ್ತರ ಹತ್ತಿರ, ಸಕಲೇಶಪುರದ ಕಡೆ ಕಾಫಿ ತೋಟ ಇದೆ. ವಾರ ವಾರ ಹೋಗಿ ಬರುತ್ತಿದ್ದರು. ಲಕ್ಷ ಕಿಲೋಮೀಟರ್ ಎಲ್ಲಿಂದ ಬಂತು ಅನ್ನೋದಕ್ಕೆ ಅದೇ ಉತ್ತರ. ಬೆಳಿಗ್ಗೆ ಏಳಕ್ಕೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ್ದು. ತಣ್ಣಗಿತ್ತು. ಆಮೇಲೆ ಸ್ಟಾರ್ಟ್. ಚೈನ್ ಸದ್ದಿಲ್ಲ, ಹೊಗೆ ಇಲ್ಲ. ಬೇಸ್‌ಮೆಂಟ್ ರ‍್ಯಾಂಪಿನಲ್ಲಿ ರಿವರ್ಸ್ ಹಾಕಿ ನಿಧಾನವಾಗಿ ಮೇಲಕ್ಕೆ ಹತ್ತಿಸಿ ಅಂದ. ಕ್ಲಚ್ ಸವೆದಿದ್ದರೆ ಅಲ್ಲಿ ನಡುಗುತ್ತದೆಯಂತೆ. ನಡುಗಲಿಲ್ಲ. ಮುಂದಿನ ಚಕ್ರದ ಬ್ರೇಕ್ ಡಿಸ್ಕಿನ ಅಂಚಿಗೆ ಬೆರಳಿಟ್ಟು, ನನ್ನ ಬೆರಳನ್ನೂ ಅಲ್ಲಿಡಿಸಿದ. ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ದಪ್ಪದ ಏಣು.

"ಸರ್, ಡಿಸ್ಕ್ ಮುಗಿದಿದೆ, ಟೈರೂ ಮುಗಿದಿದೆ. ಇಂಜಿನ್ನು, ಗೇರ್‌ಬಾಕ್ಸು ಮಾತ್ರ ಬೊಂಬಾಟಾಗಿದೆ. ಇವನ್ನ ಬೆಲೆಯಲ್ಲಿ ಕಳೀರಿ," ಅಂದ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ನಂಬರ್ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದರಲ್ಲಿ 1419 ಅಂತಿತ್ತು, ಅಂದ್ರೆ 2019ರ ಹದಿನಾಲ್ಕನೇ ವಾರ. ಟೈರಿನ ಮೇಲಿನ ಗೀರುಗಳು ಇನ್ನೂ ಕಾಣುತ್ತಿದ್ದರೂ ರಬ್ಬರ್ ಗಟ್ಟಿಯಾಗಿಹೋಗಿತ್ತು.

ಓನರ್ ಮನೆಯೊಳಗೆ ಕರೆದು, ಕಾಫಿ ಕೊಟ್ಟು, ಒಂದು ದಪ್ಪ ಬಾಕ್ಸ್ ಫೈಲ್ ಮುಂದಿಟ್ಟರು. ಹದಿನೈದು ಸಾವಿರದ ಸರ್ವಿಸ್‌ನಿಂದ ಎಲ್ಲ ಬಿಲ್ಲೂ ತಾರೀಖಿನ ಪ್ರಕಾರ ಜೋಡಿಸಿತ್ತು. 60,000ಕ್ಕೆ ಡಿಎಸ್‌ಜಿ ಆಯಿಲ್. 82,000ಕ್ಕೆ ವಾಟರ್ ಪಂಪ್ ಪೂರ್ತಿ ಹೌಸಿಂಗ್ ಸಮೇತ. ಆಯಿಲ್ ಮಾತ್ರ ಕಂಪನಿ ಹೇಳುವ ಹದಿನೈದು ಸಾವಿರಕ್ಕೆ ಕಾಯದೆ ನಡುವೆ ಇನ್ನೊಂದು ಸಲ ಹಾಕಿಸಿದ್ದರು. "ನಾನು ಜೋರಾಗೇ ಓಡ್ಸಿದೀನಪ್ಪ, ಸುಳ್ಳು ಹೇಳಲ್ಲ. ಆದ್ರೆ ಇಂಜಿನ್ ಬಿಸಿಯಾಗೋ ಮುಂಚೆ ಯಾವತ್ತೂ ಆಕ್ಸಿಲರೇಟರ್ ಜೋರಾಗಿ ಒತ್ತಿಲ್ಲ," ಅಂದರು. ಆ ಮಾತು ನನಗೆ ಯಾವ ಇನ್ಸ್‌ಪೆಕ್ಷನ್ ರಿಪೋರ್ಟ್‌ಗಿಂತಲೂ ಜಾಸ್ತಿ ಧೈರ್ಯ ಕೊಟ್ಟಿತು, ಯಾಕಂದ್ರೆ ಟರ್ಬೋ ಇಂಜಿನ್ನಿನ ಆಯಸ್ಸು ನಿಂತಿರೋದೇ ಅದರ ಮೇಲೆ.

ಆದರೂ ಕಾರಿನ ಕಂಪ್ಯೂಟರ್‌ಗಳನ್ನು ಸ್ಕ್ಯಾನ್ ಮಾಡಿಸಿದೆ. ನೀವೂ ಮಾಡಿಸಿ, ಎಷ್ಟೇ ಒಳ್ಳೆಯ ಮನುಷ್ಯ ಆಗಿರಲಿ. ಸ್ಕೋಡಾ ಕೂಡ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕಾರಿನೊಳಗಿನ ಯಾವುದಾದರೂ ಕಂಪ್ಯೂಟರ್ ಮಾಡ್ಯೂಲ್‌ನಲ್ಲಿ ಫಾಲ್ಟ್ ಕೋಡ್ (ದೋಷದ ಗುರುತು) ಬಂದರೆ, ಅದು ಬಂದಾಗ ಎಷ್ಟು ಕಿಲೋಮೀಟರ್ ಆಗಿತ್ತು ಅನ್ನೋದೂ ಅದರ ಜೊತೆಗೆ ಸೇವ್ ಆಗುತ್ತದೆ. ಮೀಟರ್ ತಿರುಗಿಸುವವರು ಎದುರಿಗೆ ಕಾಣುವ ಅಂಕಿಯನ್ನು ಬದಲಾಯಿಸುತ್ತಾರೆ, ಇಂಥ ಮೂಲೆಗಳನ್ನು ಮರೆತಿರುತ್ತಾರೆ. ನಾನು ನೋಡಿ ಬಿಟ್ಟ ಒಂದು ಕಾರಿನ ಮೀಟರ್ 52,000 ತೋರಿಸುತ್ತಿತ್ತು, ಪಾರ್ಕಿಂಗ್ ಸೆನ್ಸರ್‌ನ ಹಳೇ ಕೋಡ್ ಒಂದರಲ್ಲಿ 91,000 ಅಂತಿತ್ತು. ಡೀಲರ್ ಮಾತು ಬದಲಿಸಿದ, ನಾವು ಎದ್ದು ಬಂದೆವು. ಅದರ ಜೊತೆಗೆ ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಿಸ್ಟರಿ ಕೇಳಿ, ಅಲ್ಲಿ ಕಿಲೋಮೀಟರ್ ಸಮೇತ ಎಂಟ್ರಿ ಇರುತ್ತದೆ.

ರೀಮ್ಯಾಪ್ ಅಥವಾ ಟ್ಯೂನ್, ಅಂದ್ರೆ ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸೋದು, ಅದರ ಬಗ್ಗೆ ಒಂದು ಮಾತು. ಈ ಕಾರನ್ನು ತಗೊಳ್ಳೋರಲ್ಲಿ ಅರ್ಧ ಜನ ಸ್ಟೇಜ್ 1 (ಅದರ ಮೊದಲ ಹಂತ) ಮಾಡಿಸಿ 300 ಪಿಎಸ್ ಹತ್ತಿರ ಒಯ್ಯುತ್ತಾರೆ ಅನ್ನಿಸುವಷ್ಟು ಅದು ಸಾಮಾನ್ಯ. ಮಾರುವ ಮುಂಚೆ ಕಂಪನಿಯ ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿ "ಏನೂ ಮಾಡಿಸಿಲ್ಲ ಬ್ರದರ್" ಅನ್ನುತ್ತಾರೆ. ಚೆನ್ನಾಗಿ ಮಾಡಿಸಿದ, ಬಿಲ್ ಇರುವ, ಮುಚ್ಚಿಡದ ಟ್ಯೂನ್ ಬಗ್ಗೆ ನನಗೆ ಅಷ್ಟೇನೂ ಭಯ ಇಲ್ಲ. ಮುಚ್ಚಿಟ್ಟ ಟ್ಯೂನ್ ಬೇಡ. ಕಂಪನಿ ಕಂಪ್ಯೂಟರ್‌ನಲ್ಲಿ ಟಿಡಿ1 ಅನ್ನೋ ಗುರುತು ಬಿದ್ದಿದೆಯಾ ಅಂತ ಕೇಳಿ, ಟ್ಯೂನ್ ಪತ್ತೆಯಾದ ಕಾರಿಗೆ ಹಾಕುವ ಗುರುತು ಅದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಬದಲಾಯಿಸುವಂತಿಲ್ಲ ಅನ್ನೋದೂ ತಲೆಯಲ್ಲಿರಲಿ, ಇನ್ಶೂರೆನ್ಸ್ ಕ್ಲೇಮ್ ಮಾಡುವಾಗ ಅದು ಮುಂದೆ ಬರಬಹುದು. ಹಾಗೇ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ರೇಸ್ ಟ್ರ್ಯಾಕ್‌ಗೋ ಒಯ್ದಿದ್ದಾರಾ ಕೇಳಿ. ಟ್ರ್ಯಾಕ್‌ಗೆ ಹೋಗೋದು ತಪ್ಪಲ್ಲ, ಈ ಕಾರಿಗೆ ಅದೇ ಸರಿಯಾದ ಜಾಗ. ಆದರೆ ಆಮೇಲೆ ಬ್ರೇಕ್ ಫ್ಲೂಯಿಡ್, ಪ್ಯಾಡ್ ಬದಲಾಯಿಸಿದ ಬಿಲ್ ಇರಬೇಕು.

ನೀರಲ್ಲಿ ಮುಳುಗಿದ ಕಾರುಗಳ ಬಗ್ಗೆಯೂ ಹುಷಾರಾಗಿರಿ. 2018ರ ಕೇರಳದ ಪ್ರವಾಹ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಜಾಪುರ ರಸ್ತೆ, ಯಮಲೂರು ಕಡೆಯ ಬೇಸ್‌ಮೆಂಟ್‌ಗಳು, ಎರಡರಲ್ಲೂ ಎಷ್ಟೋ ದುಬಾರಿ ಕಾರುಗಳು ಮುಳುಗಿದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು ಇದ್ದರೂ ಅಷ್ಟೇ, ವಾಪಸ್ ಬನ್ನಿ.

ಕಾಗದ ಪತ್ರದಲ್ಲಿ ಕರ್ನಾಟಕದ ಗಾಡಿಗೇ ಆದ್ಯತೆ ಕೊಡಿ. ಇಪ್ಪತ್ತು ಲಕ್ಷದ ಮೇಲಿನ ಕಾರಿಗೆ ನಮ್ಮಲ್ಲಿ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್. ಈ ಕಾರಿಗೆ ಮೊದಲ ಓನರ್ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಟ್ಯಾಕ್ಸ್ ಕಟ್ಟಿರುತ್ತಾರೆ, ನಿಮಗೆ ಬರೀ ಹೆಸರು ಬದಲಾವಣೆಯ ಖರ್ಚು. ದೆಹಲಿ ಗಾಡಿ ಎರಡು ಲಕ್ಷ ಕಮ್ಮಿಗೆ ಸಿಗುತ್ತದೆ ಅಂತ ಓಡಿದರೆ, ಅಲ್ಲಿಂದ ಎನ್ಒಸಿ ತರಿಸಬೇಕು, ಇಲ್ಲಿ ಕಾರಿನ ವಯಸ್ಸು ನೋಡಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ಆರ್‌ಟಿಒಗೆ ಅಲೆಯಬೇಕು. ಉಳಿತಾಯ ಅಲ್ಲೇ ಕರಗಿಹೋಗುತ್ತದೆ. ಹೆಸರು ಬದಲಾವಣೆಯ ಫಾರಂ 29, 30 ಸಹಿ ಮಾಡಿಸಿಕೊಳ್ಳಿ, ಸಾಲ ತೀರಿದ್ದರೆ ಬ್ಯಾಂಕಿನ ಫಾರಂ 35 ಕೇಳಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಓನರ್‌ನ ನೋ ಕ್ಲೈಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ.

ಈಗ ಖರ್ಚು. ಹದಿನಾರು ಮುಕ್ಕಾಲು ಲಕ್ಷಕ್ಕೆ ಮಾತು ಮುಗಿಯಿತು. ಮೊದಲ ವರ್ಷ ಇನ್ನೂ ಎರಡು ಲಕ್ಷ ಹೋಯಿತು. ನಾಲ್ಕು ಟೈರಿಗೆ ಐವತ್ತೆರಡು ಸಾವಿರ, ಮುಂದಿನ ಡಿಸ್ಕ್, ನಾಲ್ಕೂ ಚಕ್ರದ ಪ್ಯಾಡ್‌ಗೆ ನಲವತ್ತೈದು, ಮುಂದಿನ ಶಾಕ್ ಮತ್ತು ಬುಷ್‌ಗೆ ಅರವತ್ತು, ಉಳಿದದ್ದು ಪ್ಲಗ್, ಕಾಯಿಲ್, ಆಯಿಲ್, ಫಿಲ್ಟರ್. 1,20,000ಕ್ಕೆ ಡಿಎಸ್‌ಜಿ ಆಯಿಲ್ ಹಾಕಿಸಿದಾಗ ಹದಿನಾರು ಸಾವಿರ ಆಯಿತು. ಈ ಎರಡು ಲಕ್ಷ ಆಕಸ್ಮಿಕ ಅಲ್ಲ, ಕಾರಿನ ಬೆಲೆಯದೇ ಒಂದು ಭಾಗ ಅಂತ ಮೊದಲೇ ಎತ್ತಿಡಬೇಕು. ಎಲ್ಲ ಸೇರಿಸಿದರೂ ಹತ್ತೊಂಬತ್ತು ಲಕ್ಷ ಮುಟ್ಟಲಿಲ್ಲ. ಇಪ್ಪತ್ತೊಂದು ಕೊಟ್ಟು ಕಮ್ಮಿ ಓಡಿದ್ದನ್ನು ತಗೊಂಡಿದ್ದರೆ ಈ ಟೈರು, ಬುಷ್ಷು, ವಾಟರ್ ಪಂಪು ಎಲ್ಲ ಮುಂದೆ ಇರುತ್ತಿದ್ದವು.

ಸರ್ವಿಸ್ ಎಲ್ಲಿ ಮಾಡಿಸೋದು ಅನ್ನೋದು ದೊಡ್ಡ ಪ್ರಶ್ನೆ. ಕಂಪನಿಯ ಒಂದು ಸರ್ವಿಸ್ ಸೆಂಟರ್‌ನಲ್ಲಿ ಮುಂದಿನ ಸಣ್ಣ ಸದ್ದಿಗೆ ಪೂರ್ತಿ ಸ್ಟೀರಿಂಗ್ ರ‍್ಯಾಕ್ ಬದಲಾಯಿಸಬೇಕು ಅಂತ ಕೊಟೇಶನ್ ಕೊಟ್ಟರು. ಇದೇ ಗುಂಪಿನ ಕಾರುಗಳನ್ನು ಮಾತ್ರ ನೋಡುವ ಒಂದು ಹೊರಗಿನ ಗ್ಯಾರೇಜ್‌ನಲ್ಲಿ ಲಿಫ್ಟ್ ಮೇಲೆ ಹಾಕಿ, ಕಬ್ಬಿಣದ ಸರಳಿನಿಂದ ಆರ್ಮ್ ಅಲ್ಲಾಡಿಸಿ, ಹರಿದ ಬುಷ್ ತೋರಿಸಿದರು. ಅಂಥ ಗ್ಯಾರೇಜ್ ನಿಮ್ಮ ಊರಲ್ಲಿ ಅಥವಾ ಹತ್ತಿರದಲ್ಲಿ ಇದೆಯಾ ಅಂತ ನೋಡಿಕೊಂಡು ಆಮೇಲೆ ಕಾರು ನೋಡಿ. ಬೆಂಗಳೂರು, ಮಂಗಳೂರಿನಲ್ಲಿ ಇದ್ದರೆ ಚಿಂತೆ ಇಲ್ಲ. ದೊಡ್ಡ ಊರಿನಿಂದ ದೂರ ಇದ್ದರೆ ಎರಡು ಸಲ ಯೋಚಿಸಿ.

ಓಡಿಸೋದು ಹೇಗಿದೆ? ಇದಕ್ಕಾಗಿಯೇ ಅಲ್ವಾ ಇಷ್ಟೆಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಮಿತಿ, ಕ್ಯಾಮೆರಾ ಇದೆ, ನೂರರಲ್ಲಿ ಈ ಇಂಜಿನ್ ಸುಮ್ನೆ ಗುನುಗುತ್ತಿರುತ್ತದೆ. ಅದರ ನಿಜವಾದ ಸುಖ ಇರೋದು ಟಾಪ್ ಸ್ಪೀಡಿನಲ್ಲಲ್ಲ, ಐವತ್ತರಿಂದ ತೊಂಬತ್ತಕ್ಕೆ ಏರುವುದರಲ್ಲಿ. ಬೆಳಿಗ್ಗೆ ಬೇಗ ಹೊರಟು ಸಕಲೇಶಪುರ ದಾಟಿ, ದೋಣಿಗಾಲ್ ಆದ ಮೇಲೆ ಶಿರಾಡಿ ಇಳಿಯುವಾಗ, ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಲ್ಲಿ ಗೇರ್ ಮೂರಕ್ಕೆ ಇಳಿಸಿ ತಿರುವಿನಿಂದ ಹೊರಬಂದರೆ, ಸ್ಟೀರಿಂಗ್ ಎಲ್ಲಿ ತೋರಿಸಿದಿರೋ ಮೂತಿ ಅಲ್ಲಿಗೇ ಹೋಗುತ್ತದೆ. ಮುಂದಿರುವ ಟ್ಯಾಂಕರ್ ದಾಟಲು ಜಾಗ ಸಿಕ್ಕಿತು ಅಂತ ಕಣ್ಣು ಹೇಳುವಷ್ಟರಲ್ಲಿ ದಾಟಿ ಆಗಿರುತ್ತದೆ. ಎದುರಿನ ಬದಿಯಲ್ಲಿ ಇರುವ ಹೊತ್ತು ಕಮ್ಮಿ, ಅದು ನನಗೆ ಸುರಕ್ಷತೆಯ ವಿಷಯ. ಒಂದೇ ಒಂದು ಎಚ್ಚರ. 350 ಎನ್ಎಂ ಪೂರ್ತಿ ಮುಂದಿನ ಎರಡು ಚಕ್ರಕ್ಕೇ ಹೋಗುವುದರಿಂದ, ಮಲೆನಾಡಿನ ಮಳೆಯಲ್ಲಿ ತಿರುವಿನ ನಡುವೆ ಒತ್ತಿದರೆ ಚಕ್ರ ಸುಮ್ಮನೆ ತಿರುಗಿ ಕಾರು ಹೊರಗೆ ಜಾರುತ್ತದೆ. ಒಳ್ಳೆ ಟೈರಿಗೆ ದುಡ್ಡು ಹಾಕಿ ಅಂದದ್ದು ಅದಕ್ಕೇ.

ಸಿಟಿಯಲ್ಲಿ ಲೀಟರಿಗೆ ಎಂಟು, ಹೈವೇಯಲ್ಲಿ ಹದಿಮೂರು ಕೊಡುತ್ತದೆ. ಸಾಮಾನ್ಯ ಆಕ್ಟೇವಿಯಾಗಿಂತ ತಗ್ಗು, ಸಸ್ಪೆನ್ಷನ್ ಗಟ್ಟಿ. ಹೆಸರಿಲ್ಲದ, ಬಣ್ಣ ಬಳಿಯದ ಹಂಪುಗಳಲ್ಲಿ ಕೆಳಗೆ ತಾಗುತ್ತದೆ. ಹಿಂದೆ ಕೂತ ಅಮ್ಮನಿಗೆ ಒಂದೆರಡು ಸಲ ಸೊಂಟ ಹಿಡಿದುಕೊಂಡಂತಾಯಿತು, ಅವರಿರುವಾಗ ಗುಂಡಿ ರಸ್ತೆಯಲ್ಲಿ ಇಪ್ಪತ್ತಕ್ಕಿಂತ ಮೇಲೆ ಹೋಗುವುದಿಲ್ಲ.

ಇಷ್ಟು ದುಡ್ಡಿಗೆ ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5 ಬರುತ್ತದೆ, 150 ಪಿಎಸ್, ವಾರಂಟಿ ಸಮೇತ. ಮನೆಗೆ ಇದೊಂದೇ ಕಾರು, ದಿನಾ ಔಟರ್ ರಿಂಗ್ ರೋಡಿನಲ್ಲಿ ಆಫೀಸಿಗೆ ಹೋಗಬೇಕು, ಕಾರು ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ಕೆಲಸ ಕೆಡುತ್ತದೆ, ಅಥವಾ ಕಾರು ತಗೊಂಡ ಮೇಲೆ ಕೈಯಲ್ಲಿ ಎರಡು ಲಕ್ಷ ಉಳಿಯುವುದಿಲ್ಲ ಅನ್ನೋರು ಅದನ್ನೇ ತಗೊಳ್ಳಿ, ಅದೂ ಒಳ್ಳೆ ಕಾರೇ. ಮನೆಯಲ್ಲಿ ಇನ್ನೊಂದು ಸಣ್ಣ ಗಾಡಿ ಇದೆ, ಒಂದು ನಂಬಿಕೆಯ ಗ್ಯಾರೇಜ್ ಗೊತ್ತಿದೆ, ಎರಡು ಲಕ್ಷ ಬೇರೆ ಎತ್ತಿಟ್ಟಿದ್ದೀರಿ ಅಂದ್ರೆ ಆರ್‌ಎಸ್‌ಗೆ ಹೋಗಿ, 1,20,000 ಓಡಿದ್ದಾದರೂ ಸರಿ. ಎರಡು ಮೂರು ತಿಂಗಳು ಕಾಯಲು ಸಿದ್ಧರಿರಿ, ಮೆಕ್ಯಾನಿಕ್‌ಗೆ ಮೊದಲೇ ಹೇಳಿಟ್ಟಿರಿ. ಫೈಲ್ ಸರಿ ಇರುವ ಕಾರು ಕಂಡರೆ ಅವತ್ತೇ ಸ್ಕ್ಯಾನ್ ಮಾಡಿಸಿ ಅಡ್ವಾನ್ಸ್ ಕೊಟ್ಟುಬಿಡಿ, ಅಂಥವು ಜಾಸ್ತಿ ದಿನ ನಿಲ್ಲುವುದಿಲ್ಲ.